ರೇಣಮ್ಮ ತಂದ ಸ್ಟೋವ್

ಹಜರಾಬೀ ಸ್ಟೋವಿನ ಪಂಪಿನ ಕಡ್ಡಿಯನ್ನು ಜಗ್ಗಿ ಹೊರತೆಗೆದಾಗ ಅದರ ತುದಿಯ ಚರ್ಮ ಪುಡಿಪುಡಿಯಾಗಿ ಅಂಗೈಗೆ ಉದುರಿತು. ಕೈಯನ್ನು ಮೂಗಿನ ಹತ್ತಿರ ತಂದಳು. ಎಣ್ಣೆಯ ವಾಸನೆಯೇ ಇರಲಿಲ್ಲ. ದಿನಾ ಹಚ್ಚುವ ಸ್ಟೋವಿನ ಚರ್ಮ ಎಷ್ಟು ಹಳತಾದರೂ ಎಣ್ಣೆ ಕುಡಿದು ಮೆತ್ತಗಿರುತ್ತದೆ. ಅದು ಬಟ್ಟಲಿನ ಹಾಗೆ ಅರಳಿ ಗಾಳಿ ತಡೆದರೇನೇ ಎಣ್ಣೆ ತುಂಬುವ ಟಾಕಿಯೊಳಗೆ ಒತ್ತಡ ಏರುವುದು. ಇದು ನೋಡಿದರೆ ಬೇಲಿಗೆ ಬಿಸಾಕಿದ ಹಳೆಯ ಕೆರದ ತುಂಡಿನ ಹಾಗಿತ್ತು.

ಒಲೆಯ ಮೇಲೆ ಬೇಳೆ ಉಕ್ಕಿತು. ಎದ್ದು ಮುಚ್ಚಳ ಸರಿಸಿ ಬಂದು ಮತ್ತೆ ಕೂತಳು.

ಸುರಪುರದ ಮಂದಿಗೆ ಅವಳ ಗಂಡ ಗ್ಯಾಸಬತ್ತಿ ಶರೀಫಸಾಬ. ಮದುವೆಗೆ, ಮೆರವಣಿಗೆಗೆ ಅವನ ಅಂಗಡಿಯ ಬತ್ತಿಗಳೇ ಹೋಗಬೇಕು. ಕೆಟ್ಟ ಬತ್ತಿ, ಕೆಟ್ಟ ಸ್ಟೋವ್ ಅವನ ಕೈಗೇ ಬರಬೇಕು. ಅವನ ಕೈಗೆ ಬಂದದ್ದು ಪರದೆ ದಾಟಿ ಒಳಗೆ ಹಜರಾಬಿಯ ಕೈಗೆ ಬರುತ್ತದೆಂದು ಯಾರಿಗೂ ತಿಳಿದಿರಲಿಲ್ಲ. ಪೊಲೀಸ್ ಕಾರ್ಯಾಚರಣೆಯಾದ ವರ್ಷ, ರಜಾಕಾರರಿದ್ದ ಜಾಗದಲ್ಲಿ ಅವನ ಎರಡು ಬತ್ತಿ ಸಿಕ್ಕವೆಂದು ಅವನನ್ನು ಹಿಡಿದೊಯ್ದು ಎಂಟು ತಿಂಗಳು ಒಳಗಿಟ್ಟಿದ್ದರು. ಬಾಡಿಗೆಗೆ ಕೊಟ್ಟ ಬತ್ತಿ ಯಾರ ಮನೆಯಲ್ಲಿ ಉರಿದರೆ ನನ್ನದೇನು ತಪ್ಪು ಎಂದು ಅವನು ಕೇಳಿದ್ದನಂತೆ. ತಿರುಗಿ ಬಂದವನ ಬೆರಳುಗಳು ನಡುಗುತ್ತಿದ್ದವು. ಎಣ್ಣೆ ಚಿಮ್ಮುವ ನಿಪ್ಪಲ್ಲಿನ ಕೂದಲೆಳೆ ತೂತಿಗೆ ಪಿನ್ನು ಹಾಕುವ ಬೆರಳು ಅವಲ್ಲ. ಒಂದು ದಿನ ಅವನು ಮೂರು ಪಿನ್ನು ಮುರಿದು ಗೋಡೆ ಕಡೆ ತಿರುಗಿ ಕೂತ. ಹಜರಾಬೀ ಅವನ ಮುಂದಿದ್ದ ಬಿಡಿಭಾಗಗಳ ತಾಟನ್ನು ಒಳಗೆ ಒಯ್ದು ತಾನೇ ಕೆಲಸಕ್ಕೆ ಕೂತಳು. ಅದಾಗಿ ಎಂಟು ವರ್ಷ. ಅವನು ಹೊರಗೆ ಕೂತು ಮಾತಾಡುತ್ತಾನೆ, ಅವಳು ಒಳಗೆ ಕೆಲಸ ಮಾಡುತ್ತಾಳೆ. ಅದರ ಬಗ್ಗೆ ಇಬ್ಬರ ನಡುವೆ ಒಂದು ಮಾತೂ ಆಗಿಲ್ಲ.

ಈ ಸ್ಟೋವನ್ನು ಬೆಳಿಗ್ಗೆ ತಂದವಳು ಹತ್ತಿ ಅಂಗಡಿಯ ಗುಮಾಸ್ತ ದೇವಿಂದ್ರಪ್ಪನ ತಾಯಿ ರೇಣಮ್ಮ. ಶರೀಫಸಾಬ ಹೊರಗಿದ್ದರೂ ಅವನಿಗೆ ಕೊಡದೆ, ಹಳೆ ಸೀರೆಯಲ್ಲಿ ಸುತ್ತಿದ್ದ ಗಂಟನ್ನು ಸೀದಾ ಒಳಗೆ ತಂದು ಇಳಿಸಿದಳು.

"ನಿನ್ನ ಗಂಡ ಕಟ್ಟಿ ಮ್ಯಾಲ ಕುಂತು ಬೀಡಿ ಸೇದಾಕತ್ಯಾನ. ಕೆಲಸ ಯಾವಾಗ ಮಾಡತಾನ ಮಾರಾಯ್ತಿ, ಕನಸಿನ್ಯಾಗೇನು?"

"ಮಾಡತಾರ್ರಿ ಅಕ್ಕಾರ. ಕುಂದರ್ರಿ, ನೀರು ಕೊಡ್ಲಿ?"

"ನೀರು ಬ್ಯಾಡ. ಇದು ಅದೇ ಸ್ಟೋ. ನಮ್ಮ ಮಲಕಮ್ಮನ ಮ್ಯಾಲ ಸಿಡಿದಿದ್ದು."

ಹಜರಾಬೀ ಕೈ ಹಿಂದೆಗೆದುಕೊಂಡಳು. ಮೂರು ತಿಂಗಳ ಹಿಂದೆ ದೇವಿಂದ್ರಪ್ಪನ ಹೆಂಡತಿ ಸುಟ್ಟುಕೊಂಡು ಸತ್ತದ್ದು ಊರಿಗೆಲ್ಲ ಗೊತ್ತಿತ್ತು. ಅಂದು ಸಂಜೆ, ಹೆಣ ಕಾಯುವ ರಾತ್ರಿಗೆಂದು ಆ ಮನೆಗೆ ಎರಡು ಬತ್ತಿ ಒಯ್ದವನು ಶರೀಫಸಾಬನೇ.

"ಈಗ ಯಾಕ್ರಿ ಇದು?"

"ಮಲಕಮ್ಮನ ತಂಗಿ ಸಾಬಮ್ಮನ್ನೇ ಕೊಡತಾರವ್ವ ನಮ್ಮ ದೇವಿಂದ್ರಗ. ಮನಿ ಹೆಣ್ಣು ಮನಿಗೇ ಬಂದಂಗಾತು. ಆದ್ರ ಅವರವ್ವ ಬಾಲಮ್ಮಂದು ಒಂದು ಹಟ. ಸ್ಟೋ ಛಲೋ ಅದ ಅಂತ ಶರೀಫಸಾಬ ತನ್ನ ಬಾಯಿಲೆ ಹೇಳಬೇಕಂತ, ಆಮ್ಯಾಲೇನೇ ಅರಿಶಿಣ ಹಚ್ಚತಾಳಂತ. ಒಡದ್ ಹಾಕತೀವಿ ಅಂದ್ರ ಅದೂ ಬ್ಯಾಡಂತ. ಕುರಿ ಕಾಯೋರ ಬುದ್ಧಿ. ಸೋಮವಾರ ಸಂತಿಗೆ ಬೋನಾಳದಿಂದ ಬರತಾಳ, ಇಲ್ಲೇ ಕೇಳತಾಳ."

"ಹೇಳತಾರ್ರಿ, ನೋಡಿ."

"ಬಾಳ ಒಳಗ ಬಿಚ್ಚಬ್ಯಾಡ ಅನ್ನು. ಮ್ಯಾಲ ತಿಕ್ಕಿ ಹೊಳಿಸಿದ್ರ ಸಾಕು." ಬಾಗಿಲಲ್ಲಿ ನಿಂತು ರೇಣಮ್ಮ ಸೆರಗು ಸರಿಮಾಡಿಕೊಂಡಳು. "ಅವನಿಗೇನು ಹೊಸಾದಲ್ಲ ಬಿಡು. ಪಂಪು ಕೆಟ್ಟು ಸಿಡಿದದ ಅಂತ ಪೊಲೀಸ್ರು ಬರೆಸಿದ ಪಂಚರ ಕಾಗದದಾಗ ಅವನೇ ಸಹಿ ಹಾಕ್ಯಾನ."

ಆ ಮಾತು ಬೆಳಿಗ್ಗೆಯಿಂದ ಹಜರಾಬಿಯ ಎದೆಯಲ್ಲಿ ಚುಚ್ಚುತ್ತಲೇ ಇತ್ತು. ಈಗ ಟಾಕಿಯನ್ನು ಬೆಳಕಿಗೆ ಹಿಡಿದು ತಿರುಗಿಸಿದಳು. ಸಿಡಿದ ಸ್ಟೋವನ್ನು ಅವಳು ಕಂಡಿದ್ದಳು. ಶಹಾಪುರದ ಒಂದು ಚಹಾದಂಗಡಿಯಿಂದ ಬಂದದ್ದರ ತಳ ಹರಿದು ಹೊರಗೆ ಬಾಗಿತ್ತು, ಹಿತ್ತಾಳೆ ಸುಟ್ಟು ಕಪ್ಪಾಗಿತ್ತು. ಇದರ ತಳ ತಗ್ಗಿಲ್ಲ, ಉಬ್ಬಿಲ್ಲ. ಬೆಸುಗೆ ಎಲ್ಲೂ ಬಿಟ್ಟಿಲ್ಲ. ಉರಿಯುವ ಬಾಯಿಯ ನಿಪ್ಪಲ್ಲನ್ನು ಬಿಚ್ಚಲು ಹೋದರೆ ಹಸಿರು ಕಿಲುಬು ಕಟ್ಟಿ ಕೂತುಬಿಟ್ಟಿತ್ತು. ಬಿಸಿ ಮಾಡಿ ಇಕ್ಕಳದಿಂದ ತಿರುವಬೇಕಾಯಿತು. ತೂತಿನ ಮೇಲೂ ಅದೇ ಕಿಲುಬು, ಬೆಲ್ಲದ ಪಾಕ ಹೆಪ್ಪುಗಟ್ಟಿದ ಹಾಗೆ. ಮೂರು ತಿಂಗಳು ಮೂಲೆಗಿಟ್ಟರೆ ಚರ್ಮ ಒಣಗುತ್ತದೆ ನಿಜ, ಹೀಗೆ ಪುಡಿಯಾಗುವುದಿಲ್ಲ. ಇಷ್ಟು ಕಿಲುಬು ಬೆಳೆಯಬೇಕಾದರೆ ವರ್ಷವಾದರೂ ಬೇಕು.

ಮಲಕಮ್ಮ ಸತ್ತ ದಿನ ಈ ಸ್ಟೋವ್ ಉರಿದಿರಲಿಲ್ಲ. ಉರಿಸಬೇಕೆಂದರೂ ಉರಿಯುತ್ತಿರಲಿಲ್ಲ.

ಹಾಗಾದರೆ ಏನಾಯಿತು? ಅವಳೇ ಸುರಿದುಕೊಂಡಳೋ, ಬೇರೆಯವರು ಸುರಿದರೋ, ಅದನ್ನು ಸ್ಟೋವ್ ಹೇಳುವುದಿಲ್ಲ. ಹಜರಾಬಿಗೆ ಮಲಕಮ್ಮ ಒಮ್ಮೆ ದೀಪದ ಗಾಜು ಕೇಳಲು ಬಂದದ್ದು ನೆನಪಾಯಿತು. ಗಾಜು ಕೈಗೆ ಬಂದ ಮೇಲೂ ಬಹಳ ಹೊತ್ತು ಕೂತಿದ್ದಳು. ಏನೋ ಹೇಳುವವಳಂತೆ ಸೆರಗಿನ ತುದಿಯನ್ನು ಸುತ್ತುತ್ತಿದ್ದಳು. ಹಜರಾಬಿಗೆ ಅಂದು ಕೆಲಸದ ಗಡಿಬಿಡಿ, ಏನವ್ವ ಎಂದು ಕೇಳಲಿಲ್ಲ.

ಊಟದ ಹೊತ್ತಿಗೆ ಶರೀಫಸಾಬ ಒಳಗೆ ಬಂದ.

"ದೇವಿಂದ್ರಪ್ಪನ ಮನಿಗೆ ಬತ್ತಿ ಒಯ್ದಿದ್ರಲ್ಲ, ಆವಾಗ ಏನರ ಸಹಿ ಮಾಡಿದ್ರೇನು?"

"ಮಾಡಿದೆ. ಮರುದಿನ ಬತ್ತಿ ತರಾಕ ಹೋದಾಗ. ಎರಡು ಬತ್ತಿ ವಾಪಸ ಮುಟ್ಟಿದ್ದಕ್ಕ ರಸೀದಿ ಅಂದ್ರು. ಯಾಕ?"

"ಓದಿ ಮಾಡಿದ್ರೇನು?"

"ಹ್ಯಾಂಗ ಓದ್ಲಿ? ಕನ್ನಡದಾಗಿತ್ತು. ಮೊದಲು ಎಲ್ಲಾ ಉರ್ದೂದಾಗ ಬರತಿತ್ತು, ನಾನೇ ನಾಕು ಮಂದಿಗೆ ಓದಿ ಹೇಳತಿದ್ದೆ. ಈಗ ರಾಜ್ಯ ಬದಲಾತು, ಕಾಗದ ಬದಲಾತು. ಇಲ್ಲಿ ಮಾಡು ಅಂದ್ರು, ಮಾಡಿದೆ."

ಅವಳು ರೇಣಮ್ಮನ ಮಾತನ್ನು ಹೇಳಿದಳು. ಅಂಗೈಯ ಪುಡಿ, ಕಿಲುಬಿನ ನಿಪ್ಪಲ್ಲು, ಗಟ್ಟಿ ತಳ ಎಲ್ಲವನ್ನೂ ಅವನ ಮುಂದಿಟ್ಟಳು. ವಿವರಿಸಬೇಕಾಗಿರಲಿಲ್ಲ. ಈ ಕೆಲಸದಲ್ಲಿ ಅವನು ಅವಳ ಗುರು. ಅವನು ನಿಪ್ಪಲ್ಲನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿ ಕೆಳಗಿಟ್ಟ.

"ಮತ್ತ ನನ್ನ ಬತ್ತೀನೇ," ಎಂದ. "ಆವಾಗೂ ಬತ್ತಿ, ಈಗೂ ಬತ್ತಿ."

"ನೀವು ಬೇಕಂತ ಮಾಡಿಲ್ಲಲ್ರಿ."

"ಆವಾಗೂ ಬೇಕಂತ ಮಾಡಿದ್ದಿಲ್ಲ ಹಜರಾ. ಯಾರು ಕೇಳಿದ್ರು?" ಅವನು ಸ್ಟೋವಿನ ಕಡೆ ನೋಡಲಿಲ್ಲ. "ಹೊಸ ಚರ್ಮ ಹಾಕು, ತೂತು ಬಿಡಿಸು, ತಿಕ್ಕು, ಮುಗಿಸು. ಬಾಲಮ್ಮ ಕೇಳಿದ್ರ ಸ್ಟೋ ಛಲೋ ಅದ ಅಂತೀನಿ. ಆವಾಗ ಛಲೋ ಇರತದ ಹೌದಿಲ್ಲ? ಅದರಾಗ ಸುಳ್ಳೇನದ?"

"ಹೂಂ," ಎಂದಳು.

ಅವನು ನಾಲ್ಕು ತುತ್ತು ತಿಂದು ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತ. ಯಾರೋ ಬಂದರು, ಅವನು ನಕ್ಕ. ಆ ನಗೆ ಪರದೆಯ ಈಚೆಗೆ ಕೆಮ್ಮಿನ ಹಾಗೆ ಕೇಳಿಸಿತು.

ಅವನಿಗೆ ಅಂಜಿಕೆಯಾಗಲು ಕಾರಣವಿತ್ತು, ಅವಳಿಗೂ ಇತ್ತು. ಆ ಎಂಟು ತಿಂಗಳು ಯಾರ ಮನೆಯ ಜೋಳ ಬೀಸಿ ಹೊಟ್ಟೆ ಹೊರೆದಳೆಂದು ಅವನಿಗೆ ಇವತ್ತಿಗೂ ಪೂರ್ತಿ ಗೊತ್ತಿಲ್ಲ. ಕಾಗದ ಸುಳ್ಳೆಂಬ ಮಾತು ಎದ್ದರೆ ಮೊದಲು ಕೇಳುವುದು ಸಹಿ ಮಾಡಿದವನನ್ನೇ. ಸ್ಟೋವ್ ಬಿಚ್ಚಿದವರು ಯಾರೆಂಬ ಮಾತೂ ಹೊರಬೀಳುತ್ತದೆ. ಊರಿನ ಬಾಯಿಯಲ್ಲಿ ಅವನಿಗೆ ಉಳಿದಿರುವುದು ಒಳ್ಳೆಯ ಕೆಲಸಗಾರನೆಂಬ ಅದೊಂದೇ ಹೆಸರು.

ಆದರೆ ಸಾಬಮ್ಮನನ್ನು ಅವಳು ನೋಡಿದ್ದಳು. ಸಂತೆಯ ದಿನ ತಾಯಿಯ ಜೊತೆ ಬಂದು ಇದೇ ಅಡುಗೆಮನೆಯ ಹೊಸ್ತಿಲಲ್ಲಿ ಕೂತು, ಗ್ಯಾಸಬತ್ತಿಯ ಹೊಸ ಬಟ್ಟೆಯ ಜಾಲಿ ಉರಿದು ಬೆಳ್ಳಗಾಗುವುದನ್ನು ಬಿಟ್ಟ ಬಾಯಿ ಮುಚ್ಚದೆ ನೋಡಿದ್ದಳು. ಹದಿನಾರು ತುಂಬಿರಲಿಕ್ಕಿಲ್ಲ. ಬಾಲಮ್ಮನ ಹಟವೂ ಹಟವಲ್ಲ. ಅವಳಿಗೇನೋ ಅನುಮಾನವಿದೆ. ಕೇಳಲು ಬೇರೆ ಯಾರೂ ಇಲ್ಲದೆ ಒಂದು ಸ್ಟೋವಿನ ಮೂಲಕ ಕೇಳುತ್ತಿದ್ದಾಳೆ.

ಸೋಮವಾರ ಬಾಲಮ್ಮ ಎಂದಿನಂತೆ ನೀರು ಕುಡಿಯಲು ಒಳಗೆ ಬರುತ್ತಾಳೆ. ಹೆಂಗಸರು ಕೂತಿದ್ದರೆ ಶರೀಫಸಾಬ ಪರದೆ ಎತ್ತುವುದಿಲ್ಲ. ಅವಳ ಮುಂದೆ ಈ ಪುಡಿ, ಈ ನಿಪ್ಪಲ್ಲು ಇರುವ ತಾಟನ್ನು ಹೀಗೆಯೇ ಇಡಬೇಕು. ಯಾರು ಏನು ಮಾಡಿದರೆಂದು ಹೇಳಬೇಕಿಲ್ಲ, ತನಗೆ ಗೊತ್ತಿಲ್ಲ. ಇದು ವರ್ಷದಿಂದ ಉರಿದಿಲ್ಲವ್ವ ಅಂದರೆ ಸಾಕು. ನಿನಗೆ ಹ್ಯಾಂಗ ಗೊತ್ತು ಅಂದರೆ, ಬಿಚ್ಚಿದಾಕಿ ನಾನೇ ಅನ್ನಬೇಕು. ಉಳಿದದ್ದನ್ನು ಹೆತ್ತವಳು ತಿಳಿದುಕೊಳ್ಳುತ್ತಾಳೆ.

ಅವಳು ಟಾಕಿಯ ಹೊರಮೈಯನ್ನು ಹುಣಸೆಹಣ್ಣಿನಿಂದ ತಿಕ್ಕಿ ಹೊಳಪು ಬರಿಸಿದಳು. ಒಳಗಿನ ಯಾವುದಕ್ಕೂ ಕೈ ಹಚ್ಚಲಿಲ್ಲ. ಚರ್ಮದ ಪುಡಿಯನ್ನೂ ನಿಪ್ಪಲ್ಲನ್ನೂ ತಾಟಿನಲ್ಲಿಟ್ಟು, ಮೇಲೆ ಬುಟ್ಟಿ ಮುಚ್ಚಿ, ಹಿಟ್ಟಿನ ಡಬ್ಬಿಯ ಹಿಂದೆ ಸರಿಸಿದಳು.

"ಮುಗೀತೇನು?" ಹೊರಗಿನಿಂದ ಶರೀಫಸಾಬ ಕೂಗಿದ.

"ಸಂತಿ ದಿನಕ್ಕ ಆಗತದ್ರಿ," ಎಂದು ಹಜರಾಬೀ ಜೋಳದ ಹಿಟ್ಟಿಗೆ ಬಿಸಿನೀರು ಹೊಯ್ದಳು.