ಈರುಳ್ಳಿಯ ಹಾಡು

ನಮ್ಮ ಚಿಕ್ಕತ್ತೆ, ಅಂದರೆ ಅಪ್ಪನ ಕೊನೆಯ ತಂಗಿ, ಕೃತಕ ಕಾಲು ತಯಾರಿಸುವ ಕೆಲಸದವಳು. ಹೊಸ ಬಗೆಯ ಮೊಣಕಾಲಿನ ಕೀಲು ಜೋಡಿಸುವುದನ್ನು ಕಲಿತು ಬರಲೆಂದು ಆಸ್ಪತ್ರೆಯವರು ಅವಳನ್ನು ಒಂದು ವರ್ಷದ ಮಟ್ಟಿಗೆ ಹೊರದೇಶಕ್ಕೆ ಕಳಿಸಿದರು. ಅಲ್ಲಿನ ಭಾಷೆಯನ್ನು ತಕ್ಕಮಟ್ಟಿಗೆ ಕಲಿತೇ ಹೋಗಿದ್ದಳು. ಅಲ್ಲಿನ ಊಟಕ್ಕೆ ಮಾತ್ರ ಯಾರೂ ಅವಳನ್ನು ತಯಾರು ಮಾಡಿರಲಿಲ್ಲ.

ಬೆಳಗಿನಿಂದ ಪ್ಲಾಸ್ಟರಿನ ಅಚ್ಚುಗಳನ್ನು ಉಜ್ಜಿ, ತಲೆಗೂದಲಿಗೆಲ್ಲ ಬಿಳಿ ಪುಡಿ ಮೆತ್ತಿಕೊಂಡು, ಮಧ್ಯಾಹ್ನ ಎದುರು ಬೀದಿಯ ಸಣ್ಣ ಹೋಟೆಲಿಗೆ ಹೋಗುತ್ತಿದ್ದಳು. ಗಂಡ ಹೆಂಡತಿ ಇಬ್ಬರೇ ನಡೆಸುವ ಹೋಟೆಲು. ಹೆಂಡತಿಯದು ಅಡುಗೆ, ಗಂಡನದು ಬಡಿಸುವ ಕೆಲಸ. ದಿನವೂ ಒಂದೇ ಊಟ: ಕಾಳು, ಗೆಡ್ಡೆ, ಸೊಪ್ಪು ಹಾಕಿ ಕುದಿಸಿದ ಗಟ್ಟಿ ಸಾರು, ಜೊತೆಗೆ ಬ್ರೆಡ್ಡು. ಒಳಗಿನಿಂದ ಅಡುಗೆಯಾಕೆಯ ಹಾಡು ಕೇಳುತ್ತಿತ್ತು. ಹಾಡೇನೋ ಚೆನ್ನಾಗಿತ್ತು, ಸಾರು ಬರೀ ಸಪ್ಪೆ. ಊಟ ಹೇಗಿದೆಯೆಂದು ಅಪ್ಪ ಫೋನಿನಲ್ಲಿ ಕೇಳಿದಾಗ, "ಜ್ವರ ಬಂದೋರಿಗೆ ಹೇಳಿ ಮಾಡಿಸಿದ ಹಾಗಿದೆ ಕಣಣ್ಣ" ಅಂದಿದ್ದಳು.

ಒಂದು ದಿನ ಚೀಲದಿಂದ ಉಪ್ಪಿನಕಾಯಿಯ ಬಾಟಲಿ ತೆಗೆದು ಸಾರಿಗೆ ಕಲಸಿಕೊಳ್ಳುತ್ತಿರುವಾಗ ಅಡುಗೆಯಾಕೆ ಪಕ್ಕದಲ್ಲೇ ಬಂದು ನಿಂತಿದ್ದಳು. ಅಗಲ ಭುಜದ, ನರೆತ ಕೂದಲಿನ ಹೆಂಗಸು. ಚಿಕ್ಕತ್ತೆಗೆ ಮುಖ ಎಲ್ಲಿ ಇಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ಆಕೆ ಬೈಯಲಿಲ್ಲ. ಚಮಚ ತಂದು ಆ ಕಲಸಿದ ಸಾರನ್ನೇ ರುಚಿ ನೋಡಿ, ಕೆಮ್ಮಿ, ಕಣ್ಣೊರೆಸಿಕೊಂಡಳು.

"ಇದರಲ್ಲಿ ನನ್ನ ಸಾರು ಎಲ್ಲಿದೆ?" ಎಂದಳು. "ನಾಳೆ ನಿಂಗೆ ರಜಾ ಅಲ್ವಾ? ಬೆಳಿಗ್ಗೆ ಬಂದು ಮಾಡೋದನ್ನ ನೋಡು. ಆಮೇಲೂ ಬೇಕು ಅನ್ನಿಸಿದ್ರೆ ಧಾರಾಳವಾಗಿ ಕಲಸ್ಕೋ."

ಮರುದಿನ ಹೋಗಿ ನೋಡಿದರೆ ಅಡುಗೆಮನೆಯಲ್ಲಿ ಗಡಿಯಾರವೇ ಇಲ್ಲ. ಆಕೆ ಬೆಣ್ಣೆಗೆ ಈರುಳ್ಳಿ ಸುರಿದು, ಉರಿ ತಗ್ಗಿಸಿ, ಉದ್ದನೆಯ ಹಾಡೊಂದನ್ನು ಎತ್ತಿಕೊಂಡಳು. ಹಾಡು ಮುಗಿಯುವ ಹೊತ್ತಿಗೆ ಈರುಳ್ಳಿ ಜೇನಿನ ಬಣ್ಣಕ್ಕೆ ಬಂದಿತ್ತು. ಗೆಡ್ಡೆಗೆ ಬೇರೆ ಹಾಡು, ತುಸು ಚುರುಕಿನದು. ಸೊಪ್ಪಿಗೆ ಎರಡೇ ಸಾಲು. ಎಲ್ಲವೂ ಅವಳ ಅಜ್ಜಿಯಿಂದ ಬಂದವು. ಈರುಳ್ಳಿಯ ಹಾಡಿನಲ್ಲಿ ಏನಿದೆಯೆಂದು ಚಿಕ್ಕತ್ತೆ ಕೇಳಿದಳು. ಮನೆಗೆ ತಡವಾಗಿ ಬಂದ ಗಂಡನಿಗೆ ಹೆಂಡತಿಯ ಮಂಗಳಾರತಿಯಂತೆ, ಬೈದು ಮುಗಿಸುವಷ್ಟರಲ್ಲಿ ಈರುಳ್ಳಿ ತಾನಾಗಿ ಸಿಹಿಯಾಗುತ್ತದಂತೆ.

ಆಕೆಯದು ಗಡಸು ದನಿ. ಕೆಳಗಿನ ಸ್ವರಕ್ಕೆ ಇಳಿದರೆ ಎದೆಗೇ ತಾಕುತ್ತಿತ್ತು. ಅಷ್ಟು ಹಾಡಿಯೂ ಕೈ ಒಂದು ಕ್ಷಣವೂ ನಿಲ್ಲುತ್ತಿರಲಿಲ್ಲ. ಚಿಕ್ಕತ್ತೆ ಬಾಯಿಬಿಟ್ಟುಕೊಂಡು ನೋಡುತ್ತಿದ್ದಳು. ಅಂದು ಬಾಟಲಿ ಚೀಲದಲ್ಲೇ ಉಳಿಯಿತು. ಮೊದಲ ಚಮಚದಲ್ಲಿ ಏನೂ ಸಿಗಲಿಲ್ಲ, ತಾಳ್ಮೆಯಿಂದ ತಿಂದಳು. ಆಮೇಲೆ ಈರುಳ್ಳಿಯ ಸಿಹಿ, ಗೆಡ್ಡೆಯ ಮಣ್ಣಿನ ಘಮ, ಸೊಪ್ಪಿನ ಎಳೆ ಕಹಿ ಒಂದರ ಹಿಂದೆ ಒಂದು ಬಂದವು. ತಪ್ಪು ಸಾರಿನದಲ್ಲ, ತನ್ನ ಅವಸರದ್ದು ಅನ್ನಿಸಿತು. ಅಲ್ಲಿಂದ ರಜೆಯ ದಿನವೆಲ್ಲ ಅವಳು ಆ ಅಡುಗೆಮನೆಯಲ್ಲೇ ಇರುತ್ತಿದ್ದಳು. ತರಕಾರಿ ಹೆಚ್ಚುತ್ತ ಹಾಡುಗಳೂ ಬಾಯಿಗೆ ಬಂದವು.

ಚಳಿಗಾಲದಲ್ಲಿ ಅಡುಗೆಯಾಕೆಗೆ ಶೀತ ಹಿಡಿದು ದನಿ ಪೂರ್ತಿ ಕಟ್ಟಿತು. ಚಿಕ್ಕತ್ತೆ ರಜೆಯ ದಿನ ಹೋದಾಗ ಗಂಡ ಮುಖ ಸಣ್ಣದು ಮಾಡಿಕೊಂಡು ಕೂತಿದ್ದ. ಹಿಂದಿನ ದಿನ ಹಾಡಿಲ್ಲದೆ ಅಂದಾಜಿನ ಮೇಲೆ ಮಾಡಿದ ಸಾರು ತಳ ಹಿಡಿದಿತ್ತಂತೆ, ಇವತ್ತು ಬಾಗಿಲು ಹಾಕೋಣವೆಂದರೆ ಆಕೆ ಕೇಳುತ್ತಿಲ್ಲವಂತೆ. ಒಳಗೆ ಆಕೆ ಈರುಳ್ಳಿ ಹೆಚ್ಚಿಟ್ಟುಕೊಂಡು ಒಲೆಯ ಮುಂದೆ ಸುಮ್ಮನೆ ನಿಂತಿದ್ದಳು.

ಮದುವೆಮನೆಯಲ್ಲಿ ಒಂದು ಹಾಡು ಹೇಳೆಂದರೆ ಹಿತ್ತಲಿಗೆ ಓಡುತ್ತಿದ್ದವಳು ನಮ್ಮ ಚಿಕ್ಕತ್ತೆ. "ಅಕ್ಕ, ನೀವು ಸೌಟು ಹಿಡೀರಿ, ನಾನು ಹಾಡ್ತೀನಿ" ಎಂದಳು.

ಹೆದರಿಕೆಗೆ ಹಾಡು ಓಡತೊಡಗಿತು. ಆಕೆ ಇವಳ ಬೆನ್ನ ಮೇಲೆ ಕೈಯಿಟ್ಟು ನಿಧಾನವಾಗಿ ತಟ್ಟುತ್ತ ಹಾಡನ್ನು ನಡಿಗೆಗೆ ತಂದಳು. ಅರ್ಧ ದಾರಿಯಲ್ಲಿ ಒಂದು ಸಾಲು ಮರೆತೇಹೋಯಿತು. ಆಗ ಹೊರಗೆ ಊಟಕ್ಕೆ ಕಾಯುತ್ತಿದ್ದ ಬಸ್ ಡ್ರೈವರೊಬ್ಬ ಆ ಸಾಲನ್ನು ಎತ್ತಿಕೊಂಡ. ಇನ್ನಿಬ್ಬರು ಸೇರಿದರು. ಮುಂದಿನ ಸಾಲಿಗೆ ಇಡೀ ಹೋಟೆಲು ಹಾಡುತ್ತಿತ್ತು. ಬಾಗಿಲ ಬಳಿ ನಿಂತವರು ಕೋಟು ಬಿಚ್ಚುವುದನ್ನೂ ಮರೆತು ದನಿಗೂಡಿಸಿದರು. ಯಾರೂ ಕಲಿಸದೆ, ದಿನವೂ ಊಟಕ್ಕೆ ಕಾಯುತ್ತ ಕೇಳಿಯೇ ಇಷ್ಟು ಜನಕ್ಕೆ ಹಾಡು ಬಂದಿದೆಯಲ್ಲ ಎಂದುಕೊಳ್ಳುತ್ತ ಚಿಕ್ಕತ್ತೆ ಅವರ ಜೊತೆಗೇ ಹಾಡನ್ನು ಮುಗಿಸಿದಳು.

ಸಾರು ಹದವಾಗಿ ಇಳಿಯಿತು. ತಟ್ಟೆ ಖಾಲಿ ಮಾಡಿದ ಡ್ರೈವರು ಹೋಗುವಾಗ ಒಳಗೆ ಇಣುಕಿ, "ಉಚ್ಚಾರಣೆ ಏನೇನೂ ಸಾಲದು. ಸಾರು ಚೆನ್ನಾಗಿದೆ" ಎಂದ.

ಎಲ್ಲರೂ ಹೋದ ಮೇಲೆ ಗಂಡ, ತಾವಿಬ್ಬರೇ ಉಣ್ಣುವ ಒಳಗಿನ ಮೇಜಿಗೆ ಮೂರನೆಯ ಕುರ್ಚಿ ಎಳೆದು ತಂದ. ಊರಿಗೆ ಮರಳುವ ತನಕ ಅದೇ ಚಿಕ್ಕತ್ತೆಯ ಜಾಗವಾಯಿತು. ಗಂಟಲು ವಾಸಿಯಾದ ಮೇಲೂ ಅಡುಗೆಯಾಕೆ ಈರುಳ್ಳಿಯ ಹಾಡನ್ನು ರಜೆಯ ದಿನ ಒಬ್ಬಳೇ ಹಾಡಲಿಲ್ಲ. ಮೊದಲ ಸಾಲು ಹೇಳಿ, ಎರಡನೆಯದನ್ನು ಚಿಕ್ಕತ್ತೆ ಎತ್ತಿಕೊಳ್ಳುವ ತನಕ ಸೌಟು ಹಿಡಿದು ಕಾಯುತ್ತಿದ್ದಳಂತೆ.