ಅರ್ಧ ಮಾತಿನ ವಾರಂಟ್

ಅಮೆರಿಕದ ಟೊಲೀಡೊ ಊರಿನಲ್ಲಿ ಶಾಲಾ ಬಸ್ಸು ಓಡಿಸುತ್ತಿದ್ದ ವರ್ನೀಸ್ ಪ್ರೂಯಿಟ್‌ಗೆ ಶನಿವಾರ ರಜೆ. ಒಲೆಯ ಮೇಲೆ ಜೋಳದ ಗಂಜಿ ಕುದಿಯುತ್ತಿದ್ದಾಗ ಯಾರೋ ದಬದಬ ಬಾಗಿಲು ಬಡಿದರು. ತೆರೆದರೆ ಇಬ್ಬರು ಪೊಲೀಸರು.

"ಲಾನ್ಜೋ ಅನ್ನೋನನ್ನ ಹುಡುಕ್ತಿದೀವಿ. ಒಳಗೊಂದ್ಸಲ ನೋಡ್ಕೊಂಡು ಹೋಗ್ತೀವಿ ಮೇಡಂ," ಎಂದ ಮೀಸೆಯವನು. ಅವನ ಬೂಟು ಆಗಲೇ ಹೊಸ್ತಿಲ ಮೇಲಿತ್ತು.

"ಜಡ್ಜ್ ಸೈನ್ ಹಾಕಿದ ವಾರಂಟ್ ಇದ್ಯಾ?"

"ಮುಚ್ಚಿಡೋಂಥದ್ದು ಏನೂ ಇಲ್ದಿದ್ರೆ ವಾರಂಟ್ ಯಾಕ್ ಬೇಕು?"

"ಇದು ನನ್ನ ಮನೆ, ಅದಕ್ಕೇ ಬೇಕು. ಕಾಲು ತೆಗೀರಿ. ಲಾನ್ಜೋ ಮಹಡಿ ಮೇಲಿದ್ದ. ಹೋದ ವರ್ಷವೇ ಮನೆ ಖಾಲಿ ಮಾಡಿದ. ಈಗ ಅಲ್ಲಿರೋರು ಟ್ಯಾಲ್ಮಡ್ಜ್ ಅಂತ, ವಯಸ್ಸಾದೋರು."

ಮೀಸೆಯವನು ಪುಟ್ಟ ಪುಸ್ತಕದಲ್ಲಿ ಏನೋ ಗೀಚಿಕೊಂಡು ನಕ್ಕ. ಆ ನಗು ವರ್ನೀಸ್‌ಗೆ ಸರಿಬೀಳಲಿಲ್ಲ. ಅವರು ಹೋದ ಮೇಲೆ ಒಲೆ ಆರಿಸಿ ಅವಳು ಮಹಡಿ ಹತ್ತಿದಳು.

ಟ್ಯಾಲ್ಮಡ್ಜ್ ಗಾಜಿನ ಕಾರ್ಖಾನೆಯಲ್ಲಿ ದುಡಿದು ಕಿವಿ ಮಂದ ಮಾಡಿಕೊಂಡಿದ್ದ ವಿಧುರ.

"ಅಣ್ಣಾ, ಪೊಲೀಸರು ಬಂದ್ರೆ ವಾರಂಟ್ ಕೇಳು. ಇಲ್ದಿದ್ರೆ ಒಳಗೆ ಬಿಡ್ಬೇಡ," ಎಂದು ಅವನ ಕಿವಿಯ ಬಳಿ ಕೂಗಿದಳು.

"ಏನೇ ಬಸ್ಸಮ್ಮ, ಮಕ್ಕಳಿಗೆ ಗದರಿಸಿದ್ದು ಸಾಲ್ದು ಅಂತ ನನಗೂ ಪಾಠಾನಾ?"

ಮಧ್ಯಾಹ್ನ ಮೂರಕ್ಕೆ ಆರು ಜನ ಮೆಟ್ಟಿಲು ಹತ್ತಿದರು. ಈ ಸಲ ವಾರಂಟ್ ಇತ್ತು. ಅವರ ಕೂಗು ಟ್ಯಾಲ್ಮಡ್ಜ್‌ಗೆ ಕೇಳಿಸಲಿಲ್ಲ. ಬಾಗಿಲು ಮುರಿದ ಸದ್ದಿಗೆ ಕೆಳಗಿನ ಮನೆಯೇ ನಡುಗಿತು. ತಲೆಯ ಮೇಲೆ ಒಂದು ಗಂಟೆ ಕಾಲ ಬೂಟುಗಳು ಓಡಾಡಿದವು, ಬೀರು ಉರುಳಿತು. ಅವರಿಗೆ ಏನೂ ಸಿಗಲಿಲ್ಲ. ಹೋಗುವಾಗ ಮುದುಕನಿಗೆ ತೊಡಿಸಿದ್ದ ಕೈಕೋಳ ಬಿಚ್ಚಿ, ತೀರಿಕೊಂಡ ಹೆಂಡತಿಯ ಪತ್ರಗಳಿದ್ದ ತಗಡಿನ ಡಬ್ಬಿಯನ್ನು ಎತ್ತಿಕೊಂಡು ಹೋದರು.

ಟ್ಯಾಲ್ಮಡ್ಜ್ ಪೊಲೀಸರ ಮೇಲೆ ದಾವೆ ಹೂಡಿದ. ವಾರಂಟ್‌ಗಾಗಿ ಪೊಲೀಸರು ಕೊಟ್ಟಿದ್ದ ಅರ್ಜಿಯನ್ನು ಅವನ ವಕೀಲೆ ವರ್ನೀಸ್‌ಗೆ ತೋರಿಸಿದಳು. 'ಲಾನ್ಜೋ ಮಹಡಿ ಮನೆಯವನೆಂದು ಕೆಳಮನೆಯ ಮಹಿಳೆ ತಿಳಿಸಿದ್ದಾಳೆ.' ಅಷ್ಟೇ. ಅವನು ಮನೆ ಬಿಟ್ಟು ವರ್ಷವಾದ ಮಾತೇ ಇರಲಿಲ್ಲ. ವರ್ನೀಸ್ ಆ ಸಾಲನ್ನು ಎರಡು ಸಲ ಓದಿದಳು. ತನ್ನ ಹೊಸ್ತಿಲು ಕಾಯಲು ಆಡಿದ ಮಾತೇ ಮೇಲಿನವನ ಬಾಗಿಲು ಮುರಿದಿತ್ತು.

ಅಂದೇ ಮಹಡಿ ಹತ್ತಿ ಎಲ್ಲವನ್ನೂ ಹೇಳಿ ಅತ್ತಳು.

"ಅವರು ನುಂಗಿದ ಮಾತನ್ನ ಜಡ್ಜ್ ಮುಂದೆ ನೀನೇ ಕಕ್ಕಿಸು," ಎಂದ ಮುದುಕ.

ಕಕ್ಕಿಸಿದಳು. ಮೀಸೆಯವನು ಕಣ್ಣು ಮಿಟುಕಿಸದೆ ದಿಟ್ಟಿಸುತ್ತಿದ್ದರೂ ಪ್ರಮಾಣ ಮಾಡಿ ಪೂರ್ತಿ ಮಾತು ಹೇಳಿದಳು. ನ್ಯಾಯಾಧೀಶೆ ಆ ಶೋಧವನ್ನು ಸಂವಿಧಾನಕ್ಕೆ ವಿರುದ್ಧವೆಂದು ತೀರ್ಮಾನಿಸಿದಳು. ಡಬ್ಬಿ ವಾಪಸು ಬಂತು. ಲಕೋಟೆಗಳೆಲ್ಲ ಹರಿದಿದ್ದವು, ಯಾರೋ ಒಂದನ್ನೂ ಬಿಡದೆ ಓದಿದ್ದರು.

ಟ್ಯಾಲ್ಮಡ್ಜ್ ಹೊಸ ಬಾಗಿಲಿಗೆ ಕಬ್ಬಿಣದ ಅಡ್ಡಪಟ್ಟಿ ಹಾಕಿಸಿದ. ಈಗ ವರ್ನೀಸ್ ಸಾರು ತಂದು ಎಷ್ಟು ಕೂಗಿದರೂ ಅವನು ತಕ್ಷಣ ತೆರೆಯುವುದಿಲ್ಲ.

"ನಿನ್ನ ಹಿಂದೆ ಯಾರಿದಾರೆ?" ಎಂದು ಒಳಗಿನಿಂದಲೇ ಕೇಳುತ್ತಾನೆ.

ಯಾರೂ ಇಲ್ಲವೆಂದು ಗೊತ್ತಿದ್ದರೂ ಅವಳು ಹಿಂತಿರುಗಿ ನೋಡಿಯೇ ಉತ್ತರ ಹೇಳುತ್ತಾಳೆ.