ಎರಡು ಏಳರ ಕಮಾನು

ಕೋಟೆ ನೋಡಲು ಹೋಗೋಣ ಎಂದು ಮಗಳು ಬಾಯಿ ಬಿಟ್ಟ ದಿನವೇ ಮೇಸ್ತ್ರಿಗೆ ಮಂಡಿನೋವು ಶುರುವಾಯಿತು. ಸೋಮವಾರ ಎಡಮಂಡಿ, ಮಂಗಳವಾರ ಬಲಮಂಡಿ, ಬುಧವಾರ ಮತ್ತೆ ಎಡ.

"ಅಲ್ರೀ, ನಿಮ್ಮ ನೋವಿಗೆ ಸ್ವಂತ ಮನೆ ಇಲ್ವಾ? ದಿನಕ್ಕೊಂದು ಕಡೆ ಬಾಡಿಗೆಗೆ ಇರುತ್ತಲ್ಲ!" ಎಂದಳು ಹೆಂಡತಿ.

ಮಗಳು ಶಾಲೆಯಲ್ಲಿ ಚರಿತ್ರೆಯ ಟೀಚರು. ಮುಂದಿನ ಶುಕ್ರವಾರ ನಲವತ್ತು ಮಕ್ಕಳನ್ನು ಬೆಟ್ಟದ ಮೇಲಿನ ಆ ಹಾಳುಕೋಟೆಗೆ ಕರೆದೊಯ್ಯಬೇಕು. ಅದಕ್ಕೆ ಮೊದಲು ದಾರಿ, ನೀರು, ನೆರಳು ಎಲ್ಲ ನೋಡಿಕೊಂಡು ಬರಬೇಕು. "ನೀನು ಕಟ್ಟಿದ ಕಮಾನಿನ ಕೆಳಗೆ ಒಳ್ಳೆ ನೆರಳಿದೆಯಂತಲ್ಲಪ್ಪ. ಮಕ್ಕಳನ್ನ ಅಲ್ಲೇ ಕೂರಿಸಿ ಪಾಠ ಮಾಡ್ತೀನಿ," ಎಂದಿದ್ದಳು. ನಲವತ್ತು ತಲೆ, ಮೇಲೊಂದು ಕಮಾನು. ಮೇಸ್ತ್ರಿ ಚಹಾದ ಲೋಟ ಕೆಳಗಿಟ್ಟು ಮಂಡಿ ನೀವಿಕೊಂಡ.

ವಿಷಯ ಇಷ್ಟೇ. ಹನ್ನೊಂದು ವರ್ಷದ ಹಿಂದೆ ಕೋಟೆಯ ಒಳಬಾಗಿಲಿನ ಕಮಾನು ಬಿರುಕು ಬಿಟ್ಟಿತ್ತು. ಅದನ್ನು ಕಲ್ಲು ಕಲ್ಲಾಗಿ ಬಿಚ್ಚಿ, ಇದ್ದ ಹಾಗೇ ಮತ್ತೆ ಕಟ್ಟುವ ಕೆಲಸ ಮೇಸ್ತ್ರಿಗೂ ಅವನ ಹೆಂಡತಿಯ ತಮ್ಮನಿಗೂ ಬಂದಿತ್ತು. ಎಡಕ್ಕೆ ಒಂಬತ್ತು ಕಲ್ಲು, ಬಲಕ್ಕೆ ಒಂಬತ್ತು, ನೆತ್ತಿಗೊಂದು. ಬಿಚ್ಚುವ ಮೊದಲು ಪ್ರತಿ ಕಲ್ಲಿನ ಬೆನ್ನಿಗೂ ಬಣ್ಣದಲ್ಲಿ ಅಂಕಿ ಬರೆಯುವುದು ರೂಢಿ: ಎಡಕ್ಕೆ ಕೆಂಪು, ಬಲಕ್ಕೆ ನೀಲಿ. ನೀಲಿ ಡಬ್ಬಿ ತೆರೆದರೆ ಬಣ್ಣ ಒಣಗಿ ಅದೇ ಒಂದು ಕಲ್ಲಾಗಿತ್ತು. ಪೇಟೆಗೆ ಇಳಿದು ಮತ್ತೆ ಹತ್ತುವವರು ಯಾರು? ಎರಡೂ ಕಡೆಗೆ ಕೆಂಪಿನಲ್ಲೇ ಬರೆದು, ಎಡದ್ದನ್ನು ಒಂದು ಗುಡ್ಡೆ, ಬಲದ್ದನ್ನು ಇನ್ನೊಂದು ಗುಡ್ಡೆ ಮಾಡಿದರು.

ಕಟ್ಟಿ ಮುಗಿದು, ಮರದ ಆಸರೆ ತೆಗೆದು, ಇಂಜಿನಿಯರು ಬೆನ್ನು ತಟ್ಟಿ ಹೋದ ಮೇಲೆ ಮೇಸ್ತ್ರಿ ತಲೆಯೆತ್ತಿ ನೋಡಿದ. ಹಿಂದಿನ ಕಾಲದ ದೀವಟಿಗೆಗಳ ಹೊಗೆಯ ಕಪ್ಪು ಪಟ್ಟೆ ಎಡದ ಆರನೆಯ ಕಲ್ಲಿನವರೆಗೆ ಬಂದು, ಏಳರಲ್ಲಿ ಮಾಯವಾಗಿ, ಎಂಟರಲ್ಲಿ ಮತ್ತೆ ಶುರುವಾಗಿತ್ತು. ಕಾಣೆಯಾದ ತುಂಡು ಬಲಗಡೆಯ ಏಳರ ಮೇಲೆ, ಯಾರದೋ ಮದುವೆಗೆ ತಪ್ಪಿ ಬಂದವನಂತೆ, ಒಂಟಿಯಾಗಿ ಕೂತಿತ್ತು. ಎರಡು ಏಳೂ ಅದಲು ಬದಲು! ಹಳೆಯ ಕಲ್ಲು ಒಂದರಂತೆ ಒಂದಿರುವುದಿಲ್ಲ. ಓರೆ ಒಂಚೂರು ತಪ್ಪಿದರೂ ಕಮಾನು ಇಂದಲ್ಲ ನಾಳೆ ಜಾರಬಹುದು. ಗುಡ್ಡೆಯಿಂದ ಕಲ್ಲು ಎತ್ತಿಕೊಟ್ಟವನು ತಾನೇ. ತಪ್ಪು ತನ್ನದೇ.

ಹೇಳಿದರೆ ಎಲ್ಲ ಮತ್ತೆ ಬಿಚ್ಚಬೇಕು. ಹೇಳಲಿಲ್ಲ. ಎಲ್ಲರೂ ಇಳಿದು ಹೋದ ಮೇಲೆ ಎಡ ಏಳರ ಸಂದಿಗೆ ಅಡ್ಡವಾಗಿ ಬೆರಳಗಲ ಗಾರೆಯ ಪಟ್ಟಿ ಹಚ್ಚಿ, ಮೊಳೆಯಿಂದ ತಾರೀಖು ಕೊರೆದ. ಕಲ್ಲು ಅಲುಗಿದರೆ ಪಟ್ಟಿ ಬಿರಿಯುತ್ತದೆ. ಬಿರಿಯದಿದ್ದರೆ ಕಮಾನು ಗಟ್ಟಿ. ತಿಂಗಳು ಬಿಟ್ಟು ಬಂದು ನೋಡುವುದು ಕಸುಬಿನ ಪದ್ಧತಿ. ಮೇಸ್ತ್ರಿ ಬರಲಿಲ್ಲ. ಬಿರಿದಿದ್ದರೆ? ನೋಡದೆ ಇದ್ದರೆ ಬಿರಿದಿಲ್ಲ ಎಂದೇ ಇಟ್ಟುಕೊಳ್ಳಬಹುದಲ್ಲ! ಆದರೆ ನಿದ್ದೆ ಅದನ್ನು ಒಪ್ಪಲಿಲ್ಲ. ಕನಸಿನಲ್ಲಿ ಅವನು "ಏಳು... ಏಳು..." ಎಂದು ಬಡಬಡಿಸಿದಾಗಲೆಲ್ಲ ಹೆಂಡತಿ ದಡಬಡಿಸಿ ಎದ್ದು ಕೂತು, ಗಡಿಯಾರ ನೋಡಿ, ಬೈದು ಮಲಗುತ್ತಿದ್ದಳು.

ಭಾನುವಾರ ಮಂಡಿನೋವಿನ ಆಟ ನಡೆಯಲಿಲ್ಲ. ನಾಲ್ವರೂ ಹೊರಟರು. ನಾಲ್ಕನೆಯವನು ಆ ಹೆಂಡತಿಯ ತಮ್ಮ. ಐವತ್ತಾದರೂ ನೆಗಡಿ ಜ್ವರ ಕಂಡವನಲ್ಲ, ಆದ್ದರಿಂದ ಮನೆಮಂದಿಗೆಲ್ಲ 'ಗುಂಡುಕಲ್ಲು'. ಯಾರ ದನಿಯನ್ನಾದರೂ ಅವರೆದುರೇ ಅವರಿಗೆ ವಾಪಸು ಕೊಡುವ ಆಸಾಮಿ.

"ಮಾಮ, ಆ ಇಂಜಿನಿಯರ್ ಥರ ಮಾತಾಡೋ," ಎಂದಳು ಮಗಳು ಮೆಟ್ಟಿಲು ಹತ್ತುತ್ತ.

ಗುಂಡುಕಲ್ಲು ಮೂಗು ಹಿಡಿದ. "ನೋಡ್ರೀ ಮೇಸ್ತ್ರಿ, ಕಮಾನು ಅಂದ್ರೆ ಶಿಸ್ತು! ಒಂದು ಕಲ್ಲು ಅಶಿಸ್ತು ಮಾಡಿದ್ರೆ..." ಅಷ್ಟಕ್ಕೇ ಅವನ ದನಿ ಇಳಿಯಿತು. "ಬಿಸಿಲಮ್ಮ. ಆಮೇಲೆ ಮಾಡ್ತೀನಿ."

ಮೇಸ್ತ್ರಿಗೆ ಅದನ್ನು ಗಮನಿಸುವ ವ್ಯವಧಾನ ಇರಲಿಲ್ಲ. ಮೇಲೆ ಕುಸಿದ ಬುರುಜು, ಬಾಣ ಬಿಡುವ ಕಿಂಡಿಯಲ್ಲಿ ಮುಖ ತೂರಿಸಿ ಕೋಟೆ ಕಾಯುತ್ತಿದ್ದ ಮೇಕೆ, ಪಾಚಿಗಟ್ಟಿದ ಕೊಳ. ಮಗಳು ಎಲ್ಲದರ ಟಿಪ್ಪಣಿ ಮಾಡಿಕೊಂಡಳು. ಗಂಡಸರಿಬ್ಬರೂ ಹಿಂದೆ ಬಿದ್ದರು. ಒಬ್ಬನಿಗೆ ಬಾಯಾರಿಕೆ, ಇನ್ನೊಬ್ಬನ ಚಪ್ಪಲಿಯಲ್ಲಿ ಕಲ್ಲು. ಅಷ್ಟರಲ್ಲಿ ಹೆಂಗಸರು ಒಳಬಾಗಿಲು ತಲುಪಿ, ಕಮಾನಿನ ನಟ್ಟನಡುವೆ ನಿಂತು ಸೆರಗಿನಿಂದ ಗಾಳಿ ಹಾಕಿಕೊಳ್ಳತೊಡಗಿದರು.

"ಈಚೆ ಬನ್ರೇ!" ಮೇಸ್ತ್ರಿ ಚೀರಿದ.

"ಅಕ್ಕಾ, ಅಲ್ಲಿ ನಿಲ್ಬೇಡ!" ಗುಂಡುಕಲ್ಲೂ ಅದೇ ಉಸಿರಿಗೆ ಚೀರಿದ.

ಹೆಂಡತಿ ಅಲುಗಲಿಲ್ಲ. ಒಬ್ಬರನ್ನು ನೋಡಿದಳು, ಇನ್ನೊಬ್ಬನನ್ನು ನೋಡಿದಳು. "ಕುಂಬಳಕಾಯಿ ಕಳ್ಳ ಅಂತ ನಾನಿನ್ನೂ ಅಂದೇ ಇಲ್ಲ, ಇಬ್ಬರೂ ಹೆಗಲು ಮುಟ್ಕೋತಿದೀರಲ್ಲ! ಏನು ಸಮಾಚಾರ?"

"ಏನಿಲ್ಲ, ಒಂದು ಸಂದಿ ನೋಡ್ಬೇಕಿತ್ತು," ಎಂದ ಮೇಸ್ತ್ರಿ. ಗೋಡೆಯ ಗಿಡ ಕೀಳಲು ಕಾವಲುಗಾರ ಒರಗಿಸಿದ್ದ ಏಣಿಯತ್ತ ಕೈ ಚಾಚಿದ.

"ನೀವ್ಯಾಕೆ ಭಾವ, ಈ ವಯಸ್ಸಲ್ಲಿ? ನಾನು ಹತ್ತಿ ನೋಡ್ತೀನಿ."

"ಏನು ನೋಡ್ಬೇಕು ಅಂತ ನಿಂಗೇನ್ ಗೊತ್ತು? ಬಿಡು ಏಣಿ."

ಮೇಸ್ತ್ರಿ ಏಣಿಯನ್ನು ಕಮಾನಿನ ಎಡಕ್ಕೆ ಸರಿಸಿ ಹತ್ತಿದ. ಹತ್ತೇ ಮೆಟ್ಟಿಲಿನ ಏಣಿ. ಹನ್ನೊಂದು ವರ್ಷ ಹಿಡಿದಿತ್ತು. ಪಟ್ಟಿಯ ಮೇಲೆ ಧೂಳು ಕೂತಿತ್ತು. ಒರೆಸಲು ಕೈ ಏಳಲಿಲ್ಲ. ಕೊನೆಗೆ ಕಣ್ಣು ಮುಚ್ಚಿ, ಹೆಬ್ಬೆರಳಿನಿಂದ ಈ ತುದಿಯಿಂದ ಆ ತುದಿಗೆ ಸವರಿದ. ಮೊಳೆಯ ಅಂಕಿಗಳು ಒಂದೊಂದಾಗಿ ಬೆರಳಿಗೆ ಸಿಕ್ಕವು. ಬಿರುಕು ಸಿಗಲಿಲ್ಲ. ಮತ್ತೊಮ್ಮೆ ಸವರಿದ. ಉಗುರಿನಿಂದ ಕೆರೆದ. ಗೆಣ್ಣಿನಿಂದ ಕುಟ್ಟಿದ. ಟಣ್ ಎಂದಿತು. ಕಣ್ಣು ಬಿಟ್ಟು ನೋಡಿದರೆ ಪಟ್ಟಿ ನೆಟ್ಟಗೆ, ನಿನ್ನೆ ಹಚ್ಚಿದ ಹಾಗೆ.

ಅವನ ಬಾಯಿಂದ ಹೊರಟದ್ದು ನಗುವೋ ಬಿಕ್ಕೋ, ಏಣಿ ಮಾತ್ರ ಗಡಗಡ ಅಲ್ಲಾಡಿತು.

"ಏನಾಯ್ತ್ರೀ?"

"ಏನೂ ಆಗಿಲ್ಲ ಕಣೇ! ಏನೇನೂ ಆಗಿಲ್ಲ!"

ಉಸಿರು ಬಿಟ್ಟು ಎದುರಿಗೆ ನೋಡಿದ. ಬಲಗಡೆಯ ಏಳರ ಸಂದಿಗೂ ಒಂದು ಪಟ್ಟಿ. ಸೊಟ್ಟಸೊಟ್ಟ ಅಂಕಿ, ತನ್ನ ಪಟ್ಟಿಯ ಮರುದಿನದ ತಾರೀಖು. ಅದೂ ಬಿರಿದಿರಲಿಲ್ಲ.

"ಲೇ ಗುಂಡುಕಲ್ಲು, ಇದ್ಯಾವನೋ ಹಚ್ಚಿದ್ದು?"

ಕೆಳಗೆ ಗುಂಡುಕಲ್ಲು ಚಪ್ಪಲಿ ನೋಡುತ್ತಿದ್ದ. "ಊಟಕ್ಕೆ ಕೂರೋಕೆ ಏನೂ ಇರ್ಲಿಲ್ಲ ಭಾವ. ಆ ಗುಡ್ಡೆಯಿಂದ ಒಂದು, ಈ ಗುಡ್ಡೆಯಿಂದ ಒಂದು ಕಲ್ಲು ಉರುಳಿಸ್ಕೊಂಡು ಬಂದೆ, ನಿಮಗೊಂದು ನನಗೊಂದು. ತಿಂದು ವಾಪಸ್ ಇಡುವಾಗ ಎರಡೂ ಕೆಂಪು, ಎರಡೂ ಏಳು... ಆಮೇಲೆ ಹೊಗೆ ಪಟ್ಟೆ ನೋಡಿ ಜೀವ ಹೋಯ್ತು. ನಿಮಗೆ ಹೇಳಿದ್ರೆ ಕೈಕಾಲು ಮುರೀತೀರಿ ಅಂತ ಮಾರನೇ ದಿನ ಕತ್ತಲಾದ್ಮೇಲೆ ಒಬ್ನೇ ಬಂದು ಪಟ್ಟಿ ಹಚ್ಚಿದೆ... ಅದು ಬಿರಿದಿದೆಯಾ ಭಾವ?"

"ನಾನು ಇಷ್ಟು ವರ್ಷ ತಪ್ಪು ನಂದು ಅಂತ ಒದ್ದಾಡಿದೀನಲ್ಲೋ, ಪಾಪಿ!"

"ಬಿರಿದಿದೆಯಾ ಅಂತ ಹೇಳಿ ಮೊದಲು!"

"ಇಲ್ಲ ಕಣೋ. ನಿನ್ನ ಹಾಗೇ ಇದೆ, ಗುಂಡುಕಲ್ಲು."

ಗುಂಡುಕಲ್ಲು ಅಲ್ಲೇ ಕುಸಿದು ಕೂತು ಮುಖ ಒರೆಸಿಕೊಂಡ. ಮಗಳು ಇಬ್ಬರ ಬಾಯಿಂದಲೂ ಕತೆಯನ್ನೆಲ್ಲ ಹೊರಡಿಸಿದಳು. ಹೆಂಡತಿ ಸೊಂಟದ ಮೇಲೆ ಕೈಯಿಟ್ಟು ಕೇಳಿದಳು.

"ಅಲ್ಲಾ, ಒಬ್ಬರಿಗೊಬ್ಬರು ಹೇಳ್ಕೊಂಡಿದ್ರೆ ಒಂದೇ ತಿಂಗಳಲ್ಲಿ ಮುಗೀತಿತ್ತಲ್ರೀ! ಕಲ್ಲುಗಳೇ ವಾಸಿ. ಜಾಗ ತಪ್ಪಿದ್ರೂ ಹೊಂದ್ಕೊಂಡು ಕೂತಿವೆ." ಬೈಯುತ್ತಲೇ ಚೀಲ ಬಿಚ್ಚಿ ಬೇಯಿಸಿದ ಮೊಟ್ಟೆ ತೆಗೆದಳು.

ಮೇಸ್ತ್ರಿ ಕಮಾನಿನ ನೆತ್ತಿಗಲ್ಲಿಗೆ ಸರಿಯಾಗಿ ಕೆಳಗೆ ಚಕ್ಕಳಮಕ್ಕಳ ಹಾಕಿ ಕೂತ. ಗೋಡೆಯ ಒಳಗಿನಿಂದ ತಂಪುಗಾಳಿ ಬರುತ್ತಿತ್ತು. ಮೊಟ್ಟೆಗೆ ಇಷ್ಟು ರುಚಿ ಇರುತ್ತದೆಂಬುದು ಅವನಿಗೆ ಮರೆತೇ ಹೋಗಿತ್ತು. ಎರಡು ತಿಂದು ಮೂರನೆಯದಕ್ಕೆ ಕೈ ಚಾಚಿದ.

"ಶುಕ್ರವಾರ ಎಷ್ಟು ಹೊತ್ತಿಗೆ ಬಸ್ಸು?"

"ಏಳೂವರೆಗೆ. ಯಾಕಪ್ಪ?"

"ನಾನೂ ಬರ್ತೀನಿ. ಈ ಕಮಾನಲ್ಲಿ ಎರಡು ಕಲ್ಲು ಜಾಗ ತಪ್ಪಿವೆ, ಹುಡುಕ್ರೋ ಅಂತ ನಿನ್ನ ಮಕ್ಕಳಿಗೆ ಹೇಳ್ತೀನಿ."

"ಯಾರಿಗೂ ಸಿಗದಿದ್ರೆ?"

"ಸಿಗದೆ ಇರ್ಲಿ ಅಂತಲೇ ನನ್ನಾಸೆ," ಎಂದ ಮೇಸ್ತ್ರಿ, ಬಾಯ್ತುಂಬ ಮೊಟ್ಟೆ ಇಟ್ಟುಕೊಂಡು. "ನಾನೇ ಹೇಳ್ತೀನಿ. ನಲವತ್ತು ಜನರ ಎದುರಿಗೆ, ಗಟ್ಟಿಯಾಗಿ."